ಡ್ಯೂಟಿ ರೂಮಿಗೆ ಚಿಲಕ ಇದೆಯೇ?

ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದದ್ದು ಕೆಇಎಂ ಆಸ್ಪತ್ರೆಯ ನೆಲಮಾಳಿಗೆಗೆ. ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಒಬ್ಬಾತ ಅಲ್ಲಿ ನಾಯಿಯ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. ಜೀವ ಉಳಿಯಿತು, ಪ್ರಜ್ಞೆ ಮರಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ಸುಮಾರು 42 ವರ್ಷ, ಅವರು ತಾವು ದುಡಿದ ಆಸ್ಪತ್ರೆಯಲ್ಲೇ ರೋಗಿಯಾಗಿ ಮಲಗಿದ್ದರು. ತಲೆಮಾರು ಬದಲಾದರೂ ಅಲ್ಲಿನ ನರ್ಸ್‌ಗಳು ಅವರನ್ನು ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡರು.

ಅರುಣಾ ಹೆಸರು ಮನೆಮಾತಾದದ್ದು ದಯಾಮರಣದ ಚರ್ಚೆಯಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಾನೂನು ಓದುವವರಿಗೆಲ್ಲ ಪಾಠವಾಯಿತು. ಅಷ್ಟು ದೊಡ್ಡ ಪ್ರಶ್ನೆಯ ಎದುರು ಒಂದು ಸಣ್ಣ ಪ್ರಶ್ನೆ ಯಾರ ಕಣ್ಣಿಗೂ ಬೀಳಲಿಲ್ಲ. ನರ್ಸ್ ಒಬ್ಬಳು ಬಟ್ಟೆ ಬದಲಿಸಲು ನೆಲಮಾಳಿಗೆಗೆ ಯಾಕೆ ಇಳಿಯಬೇಕಿತ್ತು?

ಐವತ್ತು ವರ್ಷದ ನಂತರ ಕೋಲ್ಕತ್ತ. 2024ರ ಆಗಸ್ಟ್ 8ರ ರಾತ್ರಿ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಪಿಜಿ ವೈದ್ಯೆಯೊಬ್ಬರು ದೀರ್ಘ ಡ್ಯೂಟಿಯ ನಡುವೆ ಊಟ ಮಾಡಿ, ಸ್ವಲ್ಪ ಹೊತ್ತು ಮಲಗಲು ಸೆಮಿನಾರ್ ಹಾಲ್‌ಗೆ ಹೋದರು. ಬೆಳಿಗ್ಗೆ ಅವರ ಶವ ಸಿಕ್ಕಿತು. ಅತ್ಯಾಚಾರ, ಕೊಲೆ. ಅಪರಾಧಿಗೆ 2025ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಘಟನೆಯ ಬೆನ್ನಿಗೇ ದೇಶದುದ್ದಕ್ಕೂ ವೈದ್ಯರು ಬೀದಿಗಿಳಿದಿದ್ದರು, ನಮ್ಮಲ್ಲೂ ಹೊರರೋಗಿ ವಿಭಾಗಗಳು ಬಾಗಿಲು ಹಾಕಿದವು. ಆಗಲೂ ಮಾತೆಲ್ಲ ಅಪರಾಧಿಯ ಸುತ್ತಲೇ ನಡೆಯಿತು. ಅದು ಸಹಜವೇ. ಆದರೆ ರಾತ್ರಿ ಡ್ಯೂಟಿಯ ವೈದ್ಯೆ ಮಲಗಬೇಕಾದದ್ದು ಸೆಮಿನಾರ್ ಹಾಲಿನಲ್ಲೇ?

ಈ ಪ್ರಶ್ನೆಯನ್ನು ಕೊನೆಗೂ ಕೇಳಿದ್ದು ಸುಪ್ರೀಂ ಕೋರ್ಟ್. 2024ರ ಆಗಸ್ಟ್ 20ರ ಆದೇಶದಲ್ಲಿ ನ್ಯಾಯಪೀಠ ಪಟ್ಟಿ ಮಾಡಿದ ಕೊರತೆಗಳು ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆಲ್ಲ ಗೊತ್ತಿರುವಂಥವೇ. ರಾತ್ರಿ ಪಾಳಿಯವರಿಗೆ ವಿಶ್ರಾಂತಿಯ ಜಾಗವಿಲ್ಲ. ಇರುವ ಡ್ಯೂಟಿ ರೂಮುಗಳು ಕಡಿಮೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇಲ್ಲ. ಶೌಚಾಲಯ ಸಾಲದು. ಸ್ವಚ್ಛತೆಯ ಕನಿಷ್ಠ ಅನುಕೂಲವೂ ಇಲ್ಲದ ಕಡೆ 36 ಗಂಟೆಯ ಪಾಳಿ ಮಾಡಿಸಲಾಗುತ್ತಿದೆ. ಹಾಸ್ಟೆಲ್ ದೂರ, ಹೋಗಿಬರಲು ವಾಹನವಿಲ್ಲ. ರೋಗಿಯ ಕಡೆಯವರು ಎಲ್ಲಿ ಬೇಕಾದರಲ್ಲಿ ನುಗ್ಗಬಹುದು. ಈ ಬಗ್ಗೆ ವರದಿ ಕೊಡಲು ನೇಮಿಸಿದ ರಾಷ್ಟ್ರೀಯ ಕಾರ್ಯಪಡೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಿರ್ದೇಶಕಿ ಡಾ. ಪ್ರತಿಮಾ ಮೂರ್ತಿ ಅವರೂ ಇದ್ದರು.

ಈ ಪಟ್ಟಿಯನ್ನು ನಮ್ಮ ಆಡಳಿತಗಳು ಓದಿಕೊಂಡ ಬಗೆಯೇ ಬೇರೆ. ಸಿಸಿಟಿವಿ, ಕಾವಲು ಸಿಬ್ಬಂದಿ, ಹಲ್ಲೆಯಾದ ಆರು ಗಂಟೆಯೊಳಗೆ ಎಫ್‌ಐಆರ್ ದಾಖಲಿಸುವ ಹೊಣೆ ಸಂಸ್ಥೆಯ ಮುಖ್ಯಸ್ಥರದ್ದು ಎಂಬ ಸುತ್ತೋಲೆ. ಇವೆಲ್ಲ ಬೇಕು, ಬೇಡವೆನ್ನುವವರಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆಯೂ ಇದೆ. ಆದರೆ ಎಫ್‌ಐಆರ್ ಬರುವುದು ಪೆಟ್ಟು ಬಿದ್ದ ಮೇಲೆ. ಕೋರ್ಟಿನ ಪಟ್ಟಿಯಲ್ಲಿ ಅರ್ಧಕ್ಕರ್ಧ ಇದ್ದದ್ದು ನಿದ್ದೆ, ನೀರು, ಶೌಚ ಮತ್ತು ದೂರದ ಮಾತು. ಇವು ಸಿಬ್ಬಂದಿಗೆ ತೋರಿಸುವ ದಯೆಯಲ್ಲ. ಮಂಚದ ಮೇಲೆ ಮಲಗಿರುವ ರೋಗಿಯ ಚಿಕಿತ್ಸೆಯಲ್ಲೇ ಸೇರಿದ ವಿಷಯಗಳು. ಅದು ಹೇಗೆ ಎಂದು ನೋಡಲು ನಲವತ್ತು ವರ್ಷ ಹಿಂದಿನ ನ್ಯೂಯಾರ್ಕಿಗೆ ಹೋಗಬೇಕು.

1984ರ ಮಾರ್ಚ್‌ನಲ್ಲಿ ಲಿಬ್ಬಿ ಜಯಾನ್ ಎಂಬ 18ರ ಹುಡುಗಿ ಜ್ವರ, ಮೈನಡುಕ ಎಂದು ರಾತ್ರಿ ನ್ಯೂಯಾರ್ಕ್ ಹಾಸ್ಪಿಟಲ್‌ಗೆ ದಾಖಲಾದಳು. ಮನೋವೈದ್ಯರು ಕೊಟ್ಟಿದ್ದ ಫೆನೆಲ್ಜಿನ್ ಎಂಬ ಮಾತ್ರೆಯನ್ನು ಆಕೆ ನುಂಗುತ್ತಿದ್ದಳು. ನಡುಕ ನಿಲ್ಲಲೆಂದು ವಾರ್ಡಿನಲ್ಲಿ ಕೊಟ್ಟದ್ದು ಪೆಥಿಡಿನ್. ಈ ಎರಡು ಔಷಧ ಒಟ್ಟಿಗೆ ಸೇರಬಾರದು. ನೋಡಿಕೊಳ್ಳುತ್ತಿದ್ದ ಇಬ್ಬರೂ ಇನ್ನೂ ತರಬೇತಿಯಲ್ಲಿದ್ದ ಕಿರಿಯ ವೈದ್ಯರು. ಇಂಟರ್ನ್ ಮೇಲೆ ಆ ರಾತ್ರಿ ಹತ್ತಾರು ರೋಗಿಗಳ ಹೊಣೆಯಿತ್ತು. ಹಿರಿಯ ವೈದ್ಯರೊಂದಿಗೆ ಮಾತುಕತೆ ಫೋನಿನಲ್ಲೇ ಮುಗಿದಿತ್ತು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಳು.

ಅವಳ ತಂದೆ ಸಿಡ್ನಿ ಜಯಾನ್ ಪತ್ರಕರ್ತರು. ಕೊಲೆ ಮೊಕದ್ದಮೆಯೇ ಆಗಬೇಕೆಂದು ಪಟ್ಟು ಹಿಡಿದರು. ಗ್ರ್ಯಾಂಡ್ ಜ್ಯೂರಿ ಆ ವೈದ್ಯರ ಮೇಲೆ ಕ್ರಿಮಿನಲ್ ಆರೋಪ ಹೊರಿಸಲು ಒಪ್ಪಲಿಲ್ಲ. ಬದಲಿಗೆ ತರಬೇತಿ ವೈದ್ಯರನ್ನು ಹೀಗೆ ದುಡಿಸುವ ಪದ್ಧತಿಯನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಅದರ ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಬಾರಿಗೆ 24 ಗಂಟೆ ಎಂಬ ಮಿತಿ ಹಾಕಿತು. 2003ರಲ್ಲಿ 80 ಗಂಟೆಯ ಮಿತಿ ಅಮೆರಿಕಕ್ಕೆಲ್ಲ ಬಂತು.

80 ಗಂಟೆ ಎಂಬುದೇ ಸುಧಾರಣೆ ಅನ್ನಿಸಿಕೊಂಡಿತು ಎಂದರೆ ಮೊದಲಿನ ಸ್ಥಿತಿ ಹೇಗಿದ್ದೀತು ಊಹಿಸಿಕೊಳ್ಳಿ.

ನಿದ್ದೆಗೆಟ್ಟ ವೈದ್ಯರಿಂದ ತಪ್ಪಾಗುತ್ತದೆ ಎಂಬುದು ಬರೀ ಊಹೆಯಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಐಸಿಯುಗಳಲ್ಲಿ ಇಂಟರ್ನ್‌ಗಳಿಗೆ ಎರಡು ಬಗೆಯ ಪಾಳಿ ಹಾಕಿ, ಪಕ್ಕದಲ್ಲೇ ನಿಂತು ಎಣಿಸಿದರು. 24 ಗಂಟೆ ಮೀರುವ ಹಳೆಯ ಪಾಳಿಯಲ್ಲಿ ಗಂಭೀರ ತಪ್ಪುಗಳು ಸುಮಾರು ಶೇ 36 ಹೆಚ್ಚು. ಅದಕ್ಕೂ ಮುಂಚೆ, 1997ರಲ್ಲಿ, ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಕಣ್ಣು ಕೈಗಳ ಹೊಂದಾಣಿಕೆಯನ್ನು ಅಳೆದು ಒಂದು ಲೆಕ್ಕ ಕೊಟ್ಟಿದ್ದರು. ಸತತ 24 ಗಂಟೆ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ ಶೇ 0.10ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಆ ಮಿತಿಯ ಮೂರು ಪಟ್ಟು ಮೀರಿದವನನ್ನು ಪೊಲೀಸರು ಸ್ಕೂಟರಿನಿಂದ ಇಳಿಸುತ್ತಾರೆ. ಅದೇ ಸ್ಥಿತಿಯಲ್ಲಿರುವ ಹೌಸ್ ಸರ್ಜನ್ ಕೈಗೆ ನಾವು ಸೂಜಿ ಕೊಡುತ್ತೇವೆ.

ನಮ್ಮಲ್ಲಿ ನಿಯಮವೇ ಇಲ್ಲವೆಂದಲ್ಲ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯ ಆದೇಶ ಪಿಜಿ ವೈದ್ಯರಿಗೆ ವಾರಕ್ಕೆ 48 ಗಂಟೆ, ಒಂದು ಬಾರಿಗೆ 12 ಗಂಟೆ ಮೀರದ ಕೆಲಸ, ಸರದಿಯ ಮೇಲೆ ವಾರದ ರಜೆ ಎನ್ನುತ್ತದೆ. ಎಲ್ಲದಕ್ಕೂ ‘ಸಾಮಾನ್ಯವಾಗಿ’ ಎಂಬ ಪದದ ಬಾಲವಿದೆ. ಆ ಬಾಲವೇ ಮೂವತ್ತು ವರ್ಷ ನಿಯಮವನ್ನು ಆಡಿಸಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು, ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ ಅವರ ಅಧ್ಯಕ್ಷತೆಯಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳ ಮನಃಸ್ಥಿತಿಯ ಬಗ್ಗೆ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 5,337 ಪಿಜಿಗಳಲ್ಲಿ ಸುಮಾರು ಶೇ 45ರಷ್ಟು ಜನ ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರಿಗೆ ವಾರದ ರಜೆ ಸಿಗುತ್ತಿರಲಿಲ್ಲ. ಸುಮಾರು ಶೇ 31ರಷ್ಟು ಜನರಿಗೆ ಸಾಯುವ ಯೋಚನೆ ಬಂದಿತ್ತು. ತಾವಾಗಿಯೇ ಮುಂದೆ ಬಂದು ಉತ್ತರಿಸಿದವರ ಸಮೀಕ್ಷೆ ಇದು, ನೊಂದವರೇ ಹೆಚ್ಚು ಉತ್ತರಿಸಿರಬಹುದು. ಅಷ್ಟು ರಿಯಾಯಿತಿ ಕೊಟ್ಟ ಮೇಲೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ. ಕಾರ್ಯಪಡೆಯ ಶಿಫಾರಸು: ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಕೊಡಬೇಕು. 1992ರಲ್ಲಿ 48, 2024ರಲ್ಲಿ 74! ಕಾಗದದ ಮೇಲಿನ ಆದರ್ಶಕ್ಕಿಂತ ಜಾರಿಗೆ ಬರಬಹುದಾದ ಮಿತಿ ವಾಸಿ ಎಂದು ಅವರು ಅಂದುಕೊಂಡಿರಬೇಕು. ಆ ವ್ಯವಹಾರಜ್ಞಾನ ನನಗೆ ಅರ್ಥವಾಗುತ್ತದೆ, ಸಮಾಧಾನ ಮಾತ್ರ ಆಗುವುದಿಲ್ಲ.

ವಿಮಾನಯಾನದವರು ಇದನ್ನು ಬೇರೆ ಥರ ನೋಡಿದರು. ಪೈಲಟ್‌ಗಳ ವಾರದ ಸತತ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2024ರಲ್ಲಿ ತಂದಿತು. ಅದು ಪೂರ್ತಿ ಜಾರಿಯಾದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಇಂಡಿಗೊ ಸಂಸ್ಥೆಯ ಸಾವಿರಾರು ವಿಮಾನಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲೂ ಜನ ಸೂಟ್‌ಕೇಸಿನ ಮೇಲೆ ಕೂತು ಕಾದರು. ಪೈಲಟ್ ಸಾಲದಿದ್ದರೆ ವಿಮಾನ ಏಳುವುದಿಲ್ಲ, ಕೊರತೆ ಊರಿಗೆಲ್ಲ ಕಾಣುತ್ತದೆ. ಕ್ಯಾಷುಯಲ್ಟಿ ರದ್ದಾಗುವುದಿಲ್ಲ. ವೈದ್ಯರು ಸಾಲದಿದ್ದರೆ ಇದ್ದವರೇ ಇನ್ನೊಂದು ರಾತ್ರಿ ನಿಲ್ಲುತ್ತಾರೆ. ಕೊರತೆ ಅವರ ಮೈಯೊಳಗೆ ಸೇರಿ ಕಾಣದಾಗುತ್ತದೆ.

ಹಾಗಾದರೆ ಗಂಟೆ ಕಡಿಮೆ ಮಾಡಿದರೆ ಮುಗಿಯಿತೇ? ಇಲ್ಲಿ ಕಥೆಗೆ ಒಂದು ತಿರುವಿದೆ. 2004ರ ಅಧ್ಯಯನ ಮಾಡಿದ ಗುಂಪಿನವರೇ ಅಮೆರಿಕದಲ್ಲಿ ಮಕ್ಕಳ ಆರು ಐಸಿಯುಗಳಲ್ಲಿ ಅದೇ ಪ್ರಯೋಗವನ್ನು ದೊಡ್ಡದಾಗಿ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. 24 ಗಂಟೆಯ ಪಾಳಿ ತೆಗೆದು 16 ಗಂಟೆಗೆ ಮಿತಿಗೊಳಿಸಿದರು. ತಪ್ಪುಗಳು ಇಳಿಯಬೇಕಿತ್ತು, ಏರಿದವು! ಕೆದಕಿ ನೋಡಿದಾಗ ಕಾರಣ ಸಿಕ್ಕಿತು. ಪಾಳಿ ಒಡೆದರೂ ಎಲ್ಲ ಕಡೆ ವೈದ್ಯರ ಸಂಖ್ಯೆ ಅದಕ್ಕೆ ತಕ್ಕಂತೆ ಹೆಚ್ಚಿರಲಿಲ್ಲ. ಒಬ್ಬೊಬ್ಬ ವೈದ್ಯನ ಪಾಲಿಗೆ ಸರಾಸರಿ 6.7 ಮಕ್ಕಳಿದ್ದದ್ದು 8.8 ಆಗಿತ್ತು. ಆ ಹೊರೆಯನ್ನು ಲೆಕ್ಕಕ್ಕೆ ಹಿಡಿದಾಗ ಹೊಸ ಪಾಳಿಯ ಮೇಲಿನ ಅಪವಾದ ಕರಗಿತು. ಇಷ್ಟೇ ಜನರನ್ನು ಇಟ್ಟುಕೊಂಡು ಗಡಿಯಾರವನ್ನಷ್ಟೇ ತಿದ್ದಿದರೆ, ಆಯಾಸವು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟುತ್ತದೆ ಅಷ್ಟೆ.

ಎಷ್ಟು ಜನ ಎಂಬ ಲೆಕ್ಕಕ್ಕೆ ನರ್ಸ್‌ಗಳ ವಿಷಯದಲ್ಲಿ ಇನ್ನೂ ಗಟ್ಟಿ ಪುರಾವೆಯಿದೆ. ಲಿಂಡಾ ಐಕನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆಗಳನ್ನು ಜಾಲಾಡಿ 2002ರಲ್ಲಿ ಬರೆದರು. ಒಬ್ಬ ನರ್ಸ್ ನೋಡಿಕೊಳ್ಳುವವರಲ್ಲಿ ಒಬ್ಬ ರೋಗಿ ಹೆಚ್ಚಾದರೆ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ, ನರ್ಸ್ ಬಸವಳಿಯುವ ಸಂಭವ ಶೇ 23ರಷ್ಟು. ಒಂದೇ ಸಂಖ್ಯೆ ಹಾಸಿಗೆಯ ಮೇಲಿದ್ದವರನ್ನೂ ಪಕ್ಕದಲ್ಲಿ ನಿಂತವರನ್ನೂ ಒಟ್ಟಿಗೇ ಹಿಂಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಒಪ್ಪಿದ ಕಾನೂನು 2004ರಿಂದ ಜಾರಿಯಲ್ಲಿದೆ. ಐಸಿಯುನಲ್ಲಿ ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ವಾರ್ಡಿನಲ್ಲಿ ಐವರಿಗೆ ಒಬ್ಬರು.

ನಮ್ಮ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಈ ಲೆಕ್ಕ ಹಾಕಲು ಹೋದವರು ಬೇಗ ಕೈಬಿಡುತ್ತಾರೆ. ಆದರೂ ವಾರ್ಡು ನಡೆಯುತ್ತಲೇ ಇರುತ್ತದಲ್ಲ, ಹೇಗೆ? ಇದಕ್ಕೆ ಉತ್ತರ ವಿದೇಶಿ ಅಧ್ಯಯನಗಳಲ್ಲಿ ಸಿಗುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಸಂಬಳವಿಲ್ಲದ ಒಂದು ದೊಡ್ಡ ಸಿಬ್ಬಂದಿ ವರ್ಗವಿದೆ. ಅವರನ್ನು ‘ಅಟೆಂಡರ್’ ಎನ್ನುತ್ತಾರೆ, ಅಂದರೆ ರೋಗಿಯ ಮನೆಯವರು. ಸ್ಟ್ರೆಚರ್ ತಳ್ಳುವವನು ಅಣ್ಣ, ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯುವವಳು ಮಗಳು, ಡ್ರಿಪ್ ಮುಗಿಯಿತೆಂದು ಸಿಸ್ಟರನ್ನು ಕರೆಯುವವಳು ಹೆಂಡತಿ, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವವನು ಅಳಿಯ. ಡಿ ದರ್ಜೆಯ ನೌಕರರ ಹುದ್ದೆಗಳು ಹೊರಗುತ್ತಿಗೆಗೆ ಹೋಗಿ, ಸವೆದು, ಅವರ ಕೆಲಸವೆಲ್ಲ ಮನೆಯವರ ಮೇಲೆ ಬಿತ್ತು. ನಾವು ಅದನ್ನು ಕುಟುಂಬಪ್ರೀತಿ ಎಂದು ಕರೆದು ಸುಮ್ಮನಾದೆವು.

ಈಗ ಇದೇ ಜನ ಭದ್ರತೆಯ ಸಮಸ್ಯೆಯಾಗಿದ್ದಾರೆ. ‘ಒಬ್ಬ ರೋಗಿಗೆ ಒಬ್ಬ ಅಟೆಂಡರ್’ ಎಂದು ಗೇಟಿನಲ್ಲಿ ಬೋರ್ಡು ಬೀಳುತ್ತದೆ, ಎರಡೇ ದಿನದಲ್ಲಿ ಸಡಿಲವಾಗುತ್ತದೆ. ಗೇಟಿನ ಕಾವಲುಗಾರ ಲಂಚಕೋರನೆಂದಲ್ಲ. ಇನ್ನೊಬ್ಬರು ಒಳಗೆ ಬರದಿದ್ದರೆ ಸ್ಕ್ಯಾನಿಂಗ್ ಕೋಣೆಗೆ ರೋಗಿಯನ್ನು ಒಯ್ಯಲು ಯಾರೂ ಇರುವುದಿಲ್ಲ. ಮೂರು ರಾತ್ರಿ ವರಾಂಡದಲ್ಲಿ ಮಲಗಿ, ದಿನವಿಡೀ ಓಡಾಡಿ, ‘ನಮ್ಮವರಿಗೆ ಏನಾಗಿದೆ’ ಎಂದು ಕೇಳಲು ಯಾರೂ ಸಿಗದೆ, ಕೊನೆಗೆ ಸಾವಿನ ಸುದ್ದಿ ಮಾತ್ರ ಕಿವಿಗೆ ಬಿದ್ದಾಗ ಕೈ ಎತ್ತುವವನನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಪೆಟ್ಟು ತಿನ್ನುವ ಪಿಜಿ ಹುಡುಗನೂ ಅವನಷ್ಟೇ ನಿದ್ದೆಗೆಟ್ಟವನು. ಇಬ್ಬರ ನಡುವೆ ನಿಂತು ಮಾತನಾಡಬೇಕಾದ ಆಪ್ತಸಮಾಲೋಚಕರ ಕುರ್ಚಿ ರಾತ್ರಿ ಖಾಲಿ ಇರುತ್ತದೆ. ವಾರ್ಡ್ ಸಹಾಯಕರನ್ನು ನೇಮಿಸದೆ ಒಬ್ಬ ರೋಗಿಗೆ ಒಂದೇ ಪಾಸ್ ಎಂಬ ಪದ್ಧತಿ ನೆಲೆಯೂರುವುದಿಲ್ಲ. ಪಾಸ್ ಪದ್ಧತಿ ನೆಲೆಯೂರದೆ ಗೇಟಿನ ಸಿಸಿಟಿವಿಯಿಂದ ಹೆಚ್ಚು ಪ್ರಯೋಜನವಿಲ್ಲ.

ಜನ ತುಂಬಿದ ವಾರ್ಡಿನ ಇನ್ನೊಂದು ಕಷ್ಟ, ಕೆಲಸ ಮಾಡುವವರನ್ನು ನಡುನಡುವೆ ಕರೆಯುವುದು. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಔಷಧ ಕೊಡುವುದನ್ನು ಗಮನಿಸಿದ 2010ರ ಅಧ್ಯಯನದ ಪ್ರಕಾರ, ಒಂದೊಂದು ಅಡ್ಡಿಗೂ ತಪ್ಪು ಸುಮಾರು ಶೇ 12ರಷ್ಟು ಹೆಚ್ಚುತ್ತಿತ್ತು. ಇನ್ಸುಲಿನ್ ಎಳೆದುಕೊಳ್ಳುತ್ತಿರುವ ಸಿಸ್ಟರಿಗೆ ‘ಸಿಸ್ಟರ್, ಬಾತ್‌ರೂಮಿನಲ್ಲಿ ನೀರು ಬರ್ತಿಲ್ಲ’ ಎಂದರೆ ಅದೂ ಒಂದು ಅಡ್ಡಿಯೇ. ಔಷಧ ಸಿದ್ಧ ಮಾಡಲು ವಾರ್ಡಿನ ಮೂಲೆಯಲ್ಲಿ ಬಾಗಿಲಿರುವ ಒಂದು ಪುಟ್ಟ ಜಾಗ, ನೀರಿನ ದೂರಿಗೆ ಬೇರೊಬ್ಬ ಮನುಷ್ಯ. ಇವೆರಡಕ್ಕೆ ತಗಲುವ ಖರ್ಚು ದೊಡ್ಡದಲ್ಲ.

ಪಾಳಿ ಬದಲಾಗುವ ಹೊತ್ತೂ ಅಷ್ಟೇ ಅಪಾಯದ್ದು. ನಮ್ಮಲ್ಲಿ ‘ಹ್ಯಾಂಡ್ ಓವರ್’ ಹಲವು ಕಡೆ ಮೆಟ್ಟಿಲ ಮೇಲೆ, ಬ್ಯಾಗ್ ಹೆಗಲಿಗೇರಿಸಿಕೊಂಡೇ ನಡೆಯುತ್ತದೆ: ‘ಏಳನೇ ಬೆಡ್ ಸ್ವಲ್ಪ ನೋಡ್ಕೋ ಮಗಾ.’ ಏನು ನೋಡಿಕೊಳ್ಳಬೇಕು ಎಂಬುದು ಹೇಳುವವನ ತಲೆಯಲ್ಲೇ ಉಳಿದು ಮನೆಗೆ ಹೋಗುತ್ತದೆ. ಕರ್ನಾಟಕದ ವಾರ್ಡುಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಉಂಟು. ರೋಗಿ ಹೇಳಿದ್ದು ಕನ್ನಡ, ನರ್ಸ್‌ಗಳು ತಮ್ಮೊಳಗೆ ಆಡಿಕೊಂಡದ್ದು ಮಲಯಾಳಂ, ಪಿಜಿ ಕೇಳಿಸಿಕೊಂಡದ್ದು ಹಿಂದಿ, ಕೇಸ್ ಶೀಟಿನಲ್ಲಿ ಬಿದ್ದದ್ದು ಇಂಗ್ಲಿಷ್. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ‘ಐ-ಪಾಸ್’ ಎಂಬ ಕ್ರಮ ತಂದರು. ರೋಗಿಗೆ ಎಷ್ಟು ಗಂಭೀರ, ಆತನ ಕಥೆ ಚಿಕ್ಕದಾಗಿ ಏನು, ಮಾಡಬೇಕಾದ ಕೆಲಸ ಯಾವುವು, ಹೀಗಾದರೆ ಏನು ಮಾಡಬೇಕು, ಕೊನೆಗೆ ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಈ ಐದೇ ಹೆಜ್ಜೆ. ಜೊತೆಗೆ ಅದಕ್ಕೊಂದು ತರಬೇತಿ. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವೈದ್ಯಕೀಯ ತಪ್ಪುಗಳು ಶೇ 23, ತಡೆಯಬಹುದಾಗಿದ್ದ ಅನಾಹುತಗಳು ಶೇ 30ರಷ್ಟು ಇಳಿದಿದ್ದವು. ಯಂತ್ರ ಬೇಡ, ಕಟ್ಟಡ ಬೇಡ. ಬೇಕಾದದ್ದು ಇಬ್ಬರೂ ಕೂತು ಮಾತನಾಡುವಷ್ಟು ಬಿಡುವು. ಒಂದು ಪಾಳಿ ಮುಗಿಯುವುದಕ್ಕೂ ಇನ್ನೊಂದು ಶುರುವಾಗುವುದಕ್ಕೂ ನಡುವೆ ಅಷ್ಟು ಹೊತ್ತು ಸಂಬಳದ ಸಮಯವೆಂದು ಬರೆದುಕೊಡಬೇಕು.

ಇನ್ನು ‘ಸಾರ್’ ಸಂಸ್ಕೃತಿ. ಪ್ರೊಫೆಸರ್ ಬರೆಸಿದ ಡೋಸ್ ಹೆಚ್ಚಾಯಿತೆಂದು ಹೌಸ್ ಸರ್ಜನ್‌ಗೆ ಗೊತ್ತು, ನರ್ಸ್‌ಗೂ ಗೊತ್ತು, ಬಾಯಿ ಬಿಡುವವರು ಯಾರು? ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಎರಡು ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಹೋಲಿಸಿದಾಗ, ಒಳ್ಳೆಯ ತಂಡದಲ್ಲಿ ಔಷಧದ ತಪ್ಪು ಕಡಿಮೆಯಿರುತ್ತದೆಂದು ಎಣಿಸಿದ್ದರು. ಅಂಕಿಗಳು ತಿರುಗಾಮುರುಗಾ ಬಂದವು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು! ಬಿಡಿಸಿ ನೋಡಿದಾಗ ಗೊತ್ತಾದದ್ದು, ಅಲ್ಲಿ ಹೆಚ್ಚು ತಪ್ಪು ನಡೆಯುತ್ತಿರಲಿಲ್ಲ, ನಡೆದದ್ದನ್ನು ಹೇಳಿಕೊಳ್ಳಲು ಯಾರೂ ಹೆದರುತ್ತಿರಲಿಲ್ಲ. ಹೆಡ್ ನರ್ಸ್ ಬೈಯುವ ವಾರ್ಡಿನ ದಾಖಲೆ ಸ್ವಚ್ಛವಾಗಿತ್ತು. ನಮ್ಮಲ್ಲಿ ‘ನಮ್ಮ ಆಸ್ಪತ್ರೆಯಲ್ಲಿ ಈ ವರ್ಷ ಒಂದೂ ಔಷಧದ ತಪ್ಪಾಗಿಲ್ಲ’ ಎನ್ನುವ ಅಧೀಕ್ಷಕರನ್ನು ಕಂಡಾಗ ನನಗೆ ಗಾಬರಿಯಾಗುವುದು ಇದಕ್ಕೇ.

ಇಷ್ಟೆಲ್ಲ ಇರುವಾಗ ಆಸ್ಪತ್ರೆಗಳು ಸುಲಭಕ್ಕೆ ಆರಿಸಿಕೊಳ್ಳುವುದು ಯೋಗ ಶಿಬಿರ, ಒತ್ತಡ ನಿರ್ವಹಣೆಯ ಕಾರ್ಯಾಗಾರ. ಯೋಗದ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನೈಟ್ ಡ್ಯೂಟಿ ಇಳಿದವರನ್ನು ಮಲಗಲು ಬಿಡದೆ ಬೆಳಿಗ್ಗೆ ಎಂಟಕ್ಕೆ ‘ಕಡ್ಡಾಯ ಹಾಜರಾತಿ’ ಎಂದು ಚಾಪೆಯ ಮೇಲೆ ಕೂರಿಸುವುದರಲ್ಲಿ ಯಾವ ಆರೋಗ್ಯವಿದೆ? ಹೊಣೆಯನ್ನು ವ್ಯವಸ್ಥೆಯಿಂದ ತೆಗೆದು ಆಯಾಸಗೊಂಡವರ ಉಸಿರಾಟದ ಮೇಲೆ ಹಾಕುವ ಜಾಣತನ ಅದು.

ಹಣದ ಮಾತಿಗೆ ಬಂದರೆ, ಕಟ್ಟಡಕ್ಕೆ ಟೇಪ್ ಕತ್ತರಿಸಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಪ್ರತಿ ಪಾಳಿಗೆ ಇಬ್ಬರು ನರ್ಸ್ ಹೆಚ್ಚಿಗೆ ಎಂಬುದು ವರ್ಷವರ್ಷವೂ ತೆರಬೇಕಾದ ಸಂಬಳ, ಅದಕ್ಕೆ ಉದ್ಘಾಟನೆ ಮಾಡುವವರಿಲ್ಲ. ಹೀಗಾಗಿ ಸೂಪರ್ ಸ್ಪೆಷಾಲಿಟಿ ಬ್ಲಾಕ್ ಎದ್ದು ನಿಲ್ಲುತ್ತದೆ, ಹಳೆಯ ಬ್ಲಾಕಿನ ಸಿಬ್ಬಂದಿಯೇ ಎರಡೂ ಕಡೆ ಓಡಾಡುತ್ತಾರೆ.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆ ಲೆಕ್ಕ ಸರಿದೂಗಿಸಲೆಂದು ಸಿಬ್ಬಂದಿ ಕಡಿತ ಮಾಡಿ ರೋಗಿಗಳನ್ನು ಹೀನಾಯ ಸ್ಥಿತಿಗೆ ತಂದಿತ್ತು. ಅದರ ಬಗ್ಗೆ 2013ರ ಫ್ರಾನ್ಸಿಸ್ ವರದಿ ಬಂದ ಮೇಲೆ, 2014ರಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಒಂದು ಬೋರ್ಡು ಬಂತು: ಈ ಪಾಳಿಗೆ ಎಷ್ಟು ನರ್ಸ್ ಇರಬೇಕಿತ್ತು, ಎಷ್ಟು ಇದ್ದಾರೆ. ನಮ್ಮ ಆಸ್ಪತ್ರೆಗಳಲ್ಲಿ ಉಚಿತ ಸೇವೆಗಳ ಬೋರ್ಡಿದೆ, ದೂರು ಕೊಡುವ ನಂಬರಿನ ಬೋರ್ಡಿದೆ. ಇದೊಂದನ್ನೂ ಬರೆದರೆ ಏನು ಎಂದು ಕೇಳಿದಾಗ, ‘ಅಟೆಂಡರ್‌ಗಳು ನಮ್ಮ ಮೇಲೇ ಎಗರಿ ಬೀಳುತ್ತಾರೆ’ ಎಂಬ ಅಂಜಿಕೆ ಎದುರಾಗುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ನಲವತ್ತು ಹಾಸಿಗೆಗೆ ಈ ರಾತ್ರಿ ಇಬ್ಬರೇ ನರ್ಸ್ ಎಂದು ಬಾಗಿಲಲ್ಲೇ ಓದಿಕೊಂಡು ಒಳಬಂದವನು, ತಡವಾಗಿ ಬಂದ ಸಿಸ್ಟರ್ ಮೇಲೆ ರೇಗುವ ಮೊದಲು ಆ ಇಬ್ಬರನ್ನಷ್ಟೇ ನೇಮಿಸಿದವರು ಯಾರು ಎಂದು ಕೇಳುವ ಸಂಭವವೇ ಹೆಚ್ಚು. ಬೋರ್ಡು ಬೇಡವೆನ್ನುವವರ ನಿಜವಾದ ಅಂಜಿಕೆಯೂ ಅದೇ ಇರಬಹುದು.